ತಳ ಮುಟ್ಟುವಷ್ಟೇ ತೂಕ

ಅವರ ಎಡಗೈ ಹೆಬ್ಬೆರಳಿನಲ್ಲಿ ಗಾಳದ ತುದಿಯೊಂದು ಮುರಿದು ಹಾಗೇ ಉಳಿದುಬಿಟ್ಟಿತ್ತು. ಚರ್ಮದ ಕೆಳಗೆ ಸಾಸಿವೆಯಷ್ಟು ನೀಲಿ ಚುಕ್ಕೆ. ಯೋಚನೆಗೆ ಬಿದ್ದಾಗ ತೋರುಬೆರಳಿನಿಂದ ಅದನ್ನೇ ಒತ್ತುತ್ತ ಕೂರುತ್ತಿದ್ದರು. "ತೆಗಿಸಿಬಿಡಬಾರದೇನ್ರಿ ಅಂಕಲ್?" ಎಂದರೆ, "ಇರ್ಲಿ ಬಿಡಿ ಸಾರ್. ಚುಚ್ಚಿದ್ರೆ ಹೆಂಗಿರುತ್ತೆ ಅಂತ ನೆನಪಿರ್ಬೇಕಲ್ಲ" ಅನ್ನುತ್ತಿದ್ದರು.

ಬಿಟಿಎಂ ಲೇಔಟಿನಲ್ಲಿ ನಾನೂ ನನ್ನ ತಮ್ಮನೂ ಬಾಡಿಗೆಗಿದ್ದ ಮನೆಯ ತಿರುವಿನಲ್ಲೇ ಅವರ ಹಾರ್ಡ್‌ವೇರ್ ಅಂಗಡಿ. ಲೇಔಟ್ ಬರುವ ಮೊದಲು ಅಲ್ಲಿದ್ದ ಹಳ್ಳಿಯವರು ಅವರು. ಗದ್ದೆಗಳೆಲ್ಲ ಸೈಟುಗಳಾದ ಮೇಲೆ ಅಂಗಡಿ ಹಾಕಿದ್ದರು. ಮೊಳೆ, ಚಿಲಕ, ನಲ್ಲಿಗಳ ನಡುವೆ ಒಂದು ಗಾಜಿನ ಕಪಾಟು ಮಾತ್ರ ಅವರ ಪ್ರಾಣ. ಅದರಲ್ಲಿ ಗಾಳಗಳು, ದಾರದ ಉಂಡೆಗಳು, ಯಾರದೋ ಕೈಯಲ್ಲಿ ಸಿಂಗಪುರದಿಂದ ತರಿಸಿದ ಬಣ್ಣಬಣ್ಣದ ರಬ್ಬರ್ ಮೀನುಗಳು. ಆ ರಬ್ಬರ್ ಮೀನಿಗೆ ಪೋಣಿಸುವ, ತುದಿಗೆ ಸೀಸದ ಗುಂಡು ಕೂತ ಗಾಳವನ್ನು ಜಿಗ್ ಹೆಡ್ ಎನ್ನುತ್ತಾರೆ. ಅದನ್ನು ಅವರು ಕೊಳ್ಳುತ್ತಿರಲಿಲ್ಲ. ಬಳಪದ ಕಲ್ಲಿನಲ್ಲಿ ತಾವೇ ಕೊರೆದ ಅಚ್ಚಿಗೆ ಸೀಸ ಕರಗಿಸಿ ಎರೆಯುತ್ತಿದ್ದರು. ಅಚ್ಚಿನಲ್ಲಿ ಐದು ಗುಳಿ, ಐದು ತೂಕ.

ಗಾಳ ಕೊಡಿ ಎಂದರೆ ಕೊಡುವ ಆಸಾಮಿಯಲ್ಲ. ಯಾವ ಕೆರೆ, ಎಷ್ಟು ಆಳ, ತಳ ಮರಳೋ ಕೆಸರೋ, ಬೆಳಿಗ್ಗೆ ಹೋಗುತ್ತೀರೋ ಸಂಜೆಯೋ. ಹೆಣ್ಣು ಕೊಡುವವರು ಕೂಡ ಅಷ್ಟು ವಿಚಾರಿಸುವುದಿಲ್ಲ. ನನ್ನ ತಮ್ಮ ಮೊದಲ ಸಲ ಹೋಗಿ, ದೊಡ್ಡ ಮೀನಿನ ಆಸೆಗೆ, "ಎಂಟನೇ ನಂಬರ್ ಕೊಡ್ರಿ" ಎಂದಿದ್ದ. ಅವರು ಅಕ್ಕಿಕಾಳಿನಷ್ಟು ಗಾಳವೊಂದನ್ನು ಅವನ ಅಂಗೈಗೆ ಹಾಕಿದರು. ಗಾಳದ ಲೆಕ್ಕ ಹಿಂದುಮುಂದು, ನಂಬರ್ ಏರಿದಷ್ಟೂ ಗಾಳ ಕಿರಿದು ಎಂಬುದು ಅವನಿಗೇನು ಗೊತ್ತು! "ಇದ್ರಲ್ಲಿ ಸೊಳ್ಳೆ ಹಿಡೀತೀಯೇನಪ್ಪಾ?" ಎಂದು ಅಂಗಡಿ ತುಂಬ ನಕ್ಕರು. ಆಮೇಲೆ ಸ್ಟೂಲು ಎಳೆದು ಅವನನ್ನು ಕೂರಿಸಿಕೊಂಡರು.

ಅವತ್ತು ಅವರು ಹೇಳಿಕೊಟ್ಟದ್ದು ನನಗೂ ಬಾಯಿಪಾಠವಾಗಿದೆ. ರಬ್ಬರ್ ಮೀನನ್ನು ಗಾಳದ ಪಕ್ಕ ಮಲಗಿಸಿ ನೋಡಬೇಕು. ಮುಳ್ಳು ಬೆನ್ನಿನ ನಡುವಿಗಿಂತ ಕೊಂಚ ಮುಂದೆ ಹೊರಗೆ ಬರಬೇಕು. "ಗಾಳ ಉದ್ದ ಆದ್ರೆ ಬಾಲ ಆಡಲ್ಲ. ಬಾಲ ಆಡ್ದೇ ಇರೋ ಮೀನನ್ನ ಯಾವ ಕೊರಮೀನೂ ಮುಟ್ಟಲ್ಲ." ತೂಕದ ಮಾತು ಬಂದರೆ ದನಿ ಇಳಿಸಿ ಹೇಳುತ್ತಿದ್ದರು: "ತಳ ಮುಟ್ಟಿದ್ದು ಕೈಗೆ ಗೊತ್ತಾಗ್ಬೇಕು, ಅಷ್ಟೇ ತೂಕ. ಅದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಬೇಡ."

ತಮ್ಮನಿಗೆ ಹುಚ್ಚು ಹಿಡಿಯಿತು. ಭಾನುವಾರವಾದರೆ ಬೇಗೂರು ಕೆರೆ. ಒಂದು ಶನಿವಾರ ಸಂಜೆ ನಾವಿಬ್ಬರೂ ಅಂಗಡಿಗೆ ಹೋದೆವು. ಅವನಿಗೆ ಐದನೇ ಗುಳಿಯ ಜಿಗ್ ಹೆಡ್, ಎಲ್ಲಕ್ಕಿಂತ ಭಾರದ್ದು, ಬೇಕಿತ್ತು. ದೂರ ಎಸೆಯಬೇಕಂತೆ.

"ಬೇಡಪ್ಪಾ. ಅಲ್ಲಿ ತಳ ಎಲ್ಲಾ ಕೆಸರು. ಹೂತ್ಕೊಂಡ್ರೆ ವಾಪಸ್ ಬರಲ್ಲ" ಎಂದರು.

ತಮ್ಮ ಹಟ ಹಿಡಿದ. ನನಗೆ ಮನೆಗೆ ಹೋಗುವ ಆತುರ, ಆಫೀಸಿನ ತಲೆನೋವು ಬೇರೆ. "ಕೊಟ್ಟಬಿಡ್ರಿ ಅಂಕಲ್, ನಿಮ್ಮ ಗಂಟೇನು ಹೋಗತೈತಿ?" ಎಂದೆ. ಅವರು ಹೆಬ್ಬೆರಳಿನ ಚುಕ್ಕೆಯನ್ನು ಒತ್ತುತ್ತ ನನ್ನ ಮುಖ ನೋಡಿದರು. "ನೀವು ಹೇಳ್ತಿದೀರ ಅಂತ ಸಾರ್" ಎಂದು ತೆಗೆದುಕೊಟ್ಟರು.

ಮರುದಿನ ಮಧ್ಯಾಹ್ನ ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದವನು ಕಂಡದ್ದು ಇಷ್ಟು: ಗಾಳ ಕೆಸರಿಗೆ ಕಚ್ಚಿಕೊಂಡಿತು. ಹುಡುಗ ಎಳೆದ, ಬರಲಿಲ್ಲ. ದಾರವನ್ನು ಕೈಗೆ ಸುತ್ತಿಕೊಂಡು, ಅದರ ಜಾಡು ಹಿಡಿದು ನೀರಿಗಿಳಿದ. ಎದೆಮಟ್ಟದಲ್ಲಿ ಒಮ್ಮೆ ಕೂಗಿದ, ಆಮೇಲೆ ಕಾಣಲಿಲ್ಲ.

ನಾನು ಹೋಗುವ ಹೊತ್ತಿಗೆ ಊರಿನವರು ಪಾತಾಳಗರಡಿ ತಂದಿದ್ದರು, ಬಾವಿಗೆ ಬಿದ್ದ ಕೊಡ ಎತ್ತುವ ಆ ಕಬ್ಬಿಣದ ಕೊಕ್ಕೆಗಳ ಗೊಂಚಲು. ಅಷ್ಟರಲ್ಲಿ ಅಂಗಡಿ ಮುಚ್ಚಿ ಅವರೂ ಬಂದರು. ಅದನ್ನು ನೋಡಿದ್ದೇ, "ಬೇಡ, ಅದು ಬೇಡ. ಕಿತ್ತಾಕ್ಬಿಡುತ್ತೆ. ಅವ್ರಮ್ಮ ನೋಡ್ಬೇಕು ಮುಖಾನ" ಎಂದು ಅಡ್ಡ ನಿಂತರು.

ನನ್ನ ಕಡೆ ತಿರುಗಿ, "ಏನು ಹಾಕ್ಕೊಂಡಿದ್ದ?" ಎಂದು ಕೇಳಿದರು. ಜೀನ್ಸ್, ಮೇಲೆ ತುಂಬುದೋಳಿನ ಅಂಗಿ ಎಂದೆ. ಚೀಲ ಬಿಚ್ಚಿ ಗಾಳಗಳನ್ನು ಹರಡಿಕೊಂಡರು. ಇಕ್ಕಳದಿಂದ ಒಂದೊಂದರ ಹಿಮ್ಮುಳ್ಳನ್ನೂ ಅದುಮಿ, ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದರು. ನನ್ನ ಅಂಗಿಯ ತೋಳಿನ ಹೊಲಿಗೆಗೇ ಸಿಕ್ಕಿಸಿ ಎಳೆದು ನೋಡಿದರು. ಮೊದಲನೆಯದು ಬಟ್ಟೆ ಹರಿಯಿತು. ಎರಡನೆಯದು ಜಾರಿತು. ಮೂರನೆಯದು ಹೊಲಿಗೆಯನ್ನು ಹಿಡಿದು ನಿಂತಿತು. ಅದನ್ನೇ ತಮ್ಮ ಮುಂಗೈಗೂ ಎಳೆದುಕೊಂಡರು. ಚರ್ಮದ ಮೇಲೆ ಕೆಂಪು ಗೆರೆ ಬಿತ್ತು, ರಕ್ತ ಬರಲಿಲ್ಲ. "ಇದೇ. ಬಟ್ಟೆಗೆ ಸಿಗ್ಬೇಕು, ಮೈಗಲ್ಲ" ಎಂದರು. ಅಂಥವೇ ಐದಾರು ಗಾಳಗಳನ್ನು ಹುರಿಗೆ ಕಟ್ಟಿ, ಸಣ್ಣ ಸೀಸ ಸೇರಿಸಿ, ಮೀನುಗಾರರ ಹರಿಗೋಲು ಹತ್ತಿದರು.

ಮೂರು ಗಂಟೆ ಹೊತ್ತು ಅವರು ಹರಿಗೋಲಿನ ಅಂಚಿಗೆ ಬಾಗಿ ಹುರಿಯನ್ನು ಬಿಡುವುದು, ಎಳೆಯುವುದು. ಜೊಂಡು ಬಂತು, ಗೋಣಿಚೀಲ ಬಂತು. ಹೊತ್ತು ಮುಳುಗುವ ಮೊದಲು ಅವರ ಕೈ ನಿಂತಿತು. ಯಾರನ್ನೂ ಎಳೆಯಲು ಬಿಡದೆ ಇಂಚಿಂಚೇ ತಾವೇ ಎತ್ತಿದರು. ಗಾಳ ತಮ್ಮನ ಸೊಂಟದ ಹೊಲಿಗೆಗೆ ಸಿಕ್ಕಿತ್ತು. 

ಮಾರನೆಯ ಬೆಳಿಗ್ಗೆ ಗದಗಿನ ಬಸ್ಸಿನಿಂದ ಅವ್ವ ಇಳಿದು ನೇರ ಆಸ್ಪತ್ರೆಗೆ ಬಂದಳು. ಮಗನ ಕೆನ್ನೆ ಸವರಿ, "ಮಲಗಿದಂಗ ಅದಾನ. ಮಾರಿ ಮ್ಯಾಲ ಒಂದು ಗೀರಿಲ್ಲ" ಎಂದಳು. ಆಮೇಲೆ ಹೊರಗೆ ಅಂಗಳದಲ್ಲಿ ಪೊಲೀಸಿನವರು ಕೊಟ್ಟ ಪೊಟ್ಟಣದಲ್ಲಿ, ಅವನ ಕೈಯಿಂದ ಬಿಚ್ಚಿದ ದಾರವನ್ನೂ ಅದರ ತುದಿಯ ಆ ದಪ್ಪ ಸೀಸದ ಗುಂಡನ್ನೂ ಕಂಡಳು. "ಇದನ್ನ ಯಾರು ಕೊಟ್ರು ನನ್ನ ಮಗಗ?"

ನಾನು ಬಾಯಿ ತೆರೆಯಬೇಕಿತ್ತು.

"ನಾನೇ ಕೊಟ್ಟಿದ್ದು ತಾಯಿ" ಎಂದು ಅವರು ಮುಂದೆ ಬಂದು ಕೈಮುಗಿದರು. ಅಷ್ಟೇ. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವ್ವ ಅವರ ಮನೆ ಹಾಳಾಗಲೆಂದು ಮಣ್ಣು ತೂರಿದಳು. ಅವರು ತಲೆಯ ಮೇಲಿನ ಮಣ್ಣನ್ನು ಕೊಡವಿಕೊಳ್ಳಲಿಲ್ಲ. ನಾನು ಗೋಡೆಗೆ ಒರಗಿ ನಿಂತೇ ಇದ್ದೆ, ಹೇಡಿಯ ಹಾಗೆ.

ತಿಂಗಳ ಮೇಲೆ ಅಂಗಡಿಗೆ ಹೋದಾಗ ಅಚ್ಚಿನ ಐದನೇ ಗುಳಿಗೆ ಸಿಮೆಂಟು ತುಂಬಿತ್ತು. "ಆ ತೂಕ ಎರೆಯೋದು ಬಿಟ್ಟೆ ಸಾರ್" ಎಂದರು. ನಾನು ಬಂದದ್ದು ಮಾತಾಡಲು. ಅರ್ಧ ಕೆಜಿ ಮೊಳೆ ಕೊಂಡು ವಾಪಸಾದೆ. ಹೀಗೆ ಎಷ್ಟು ಸಲವೋ. ಬಿಚ್ಚದ ಮೊಳೆ ಪೊಟ್ಟಣಗಳು ನನ್ನ ಮಂಚದ ಕೆಳಗೆ ತುಕ್ಕು ಹಿಡಿದವು. 

ಐದು ವರ್ಷದ ನಂತರ ಅವರು ಎದೆನೋವಿನಿಂದ ತೀರಿಕೊಂಡರು. ಹೆಗಲು ಕೊಟ್ಟು ಬಂದು, ಸ್ನಾನ ಮಾಡಿ, ಊರಿಗೆ ಫೋನ್ ಹಚ್ಚಿದೆ. ಇವತ್ತಾದರೂ ಹೇಳಿಬಿಡಬೇಕು ಅಂದುಕೊಂಡಿದ್ದೆ.

"ಅವ್ವಾ, ಆ ಗಾಳದಂಗಡಿಯವರು ತೀರಿಕೊಂಡ್ರು."

"ದೇವ್ರು ಕಣ್ಣು ಮುಚ್ಚಿಲ್ಲ ಬಿಡು" ಎಂದಳು. ಆಮೇಲೆ, "ನೀ ಉಂಡ್ಯೇನಪಾ?" ಎಂದು ಕೇಳಿದಳು.

ಉಂಡೆ ಎಂದೆ.