ಮಳೆ ತರಿಸಿದ ಅತಿಥಿ

ಸೊರಬದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಶಿಕಾರಿಪುರದಲ್ಲಿ. ಮನೆಯ ಮುಂಭಾಗವೇ ನನ್ನ ಗಂಡನ ಅಂಗಡಿ: ಉಪ್ಪು, ಬೆಲ್ಲ, ಒಣಮೆಣಸಿನಕಾಯಿ. ಮರುದಿನದ ಪಾಠವನ್ನು ಸಂಜೆ ಆ ಅಂಗಡಿಯಲ್ಲಿ ಕೂತು ಅವರಿಗೆ ಒಪ್ಪಿಸುವುದು ಮದುವೆಯಾದಾಗಿನಿಂದ ಬಂದ ರೂಢಿ. ನಿಮಗೆ ಅರ್ಥವಾದರೆ ಮಕ್ಕಳಿಗೂ ಆಗುತ್ತದೆ ಎಂದು ನಾನು ರೇಗಿಸುತ್ತಿದ್ದೆ. "ಅಂದ್ರೆ ನಾನಿನ್ನೂ ಎಂಟನೇ ಕ್ಲಾಸು ಪಾಸಾಗಿಲ್ಲ ಅಂತಾಯ್ತು" ಎಂದು ಅವರು ಮುಖ ಊದಿಸಿಕೊಳ್ಳುತ್ತಿದ್ದರು. ಗಿರಾಕಿ ಬಂದರೆ ಪಾಠ ನಿಲ್ಲುತ್ತಿತ್ತು. ಬೆಲ್ಲ ತೂಗಿ ಕೊಟ್ಟು, ಕೈ ಒರೆಸಿಕೊಂಡು, "ಹ್ಞಾಂ, ಎಲ್ಲಿಗೆ ಬಂದಿತ್ತು ಟೀಚರಮ್ಮಾ?" ಎನ್ನುತ್ತಿದ್ದರು.

ಆಫ್ರಿಕಾದ ಹಳೆಯ ರಾಜ್ಯಗಳ ಪಾಠವೆಂದರೆ ಅವರಿಗೆ ಜೀವ. ಕಾರಣ ಉಪ್ಪು. ಸಹಾರಾ ಮರುಭೂಮಿಯ ಉಪ್ಪನ್ನು ಹಲಗೆಗಳಂತೆ ಕಡಿದು, ಒಂಟೆಗಳ ಮೇಲೆ ಹೇರಿ ದಕ್ಷಿಣಕ್ಕೆ ಒಯ್ಯುತ್ತಿದ್ದರು, ಅಲ್ಲಿಂದ ಚಿನ್ನ ತರುತ್ತಿದ್ದರು ಎಂದು ಹೇಳಿದಾಗ ಅವರು ತಮ್ಮ ಉಪ್ಪಿನ ಮೂಟೆಯನ್ನು ಹೊಸದಾಗಿ ನೋಡಿದಂತೆ ನೋಡಿದರು. ಅವರ ಮುತ್ತಜ್ಜಂದಿರೂ ಹೇರೆತ್ತುಗಳ ಮೇಲೆ ಸೊರಬದ ದಾರಿಯಾಗಿ ಕರಾವಳಿಯಿಂದ ಉಪ್ಪು ತಂದವರು. "ನಮ್ಮೋರಿಗೆ ಮಾತ್ರ ಯಾರೂ ಚಿನ್ನ ಕೊಡ್ಲಿಲ್ಲ ನೋಡು" ಎಂದು ಕೊರಗಿದರು.

ಆ ವ್ಯಾಪಾರಿಗಳು ಉಪ್ಪಿನ ಜೊತೆಗೇ ತಮ್ಮ ಧರ್ಮವನ್ನೂ ತಂದರು ಎಂದೆ.

"ದೇವ್ರನ್ನೂ ಒಂಟೆ ಮೇಲೆ ಹೇರ್ಕೊಂಡು ಬಂದ್ರಾ?"

"ಹೇರೋದು ಯಾಕ್ರೀ? ಹೊತ್ತಿಗೆ ಸರಿಯಾಗಿ ನಮಾಜು ಮಾಡೋರು. ಊರೋರು ನೋಡೋರು."

ಅದು ಅವರಿಗೆ ಒಪ್ಪಿಗೆಯಾಯಿತು. ತಮ್ಮ ಮುತ್ತಜ್ಜನ ಎದೆಯ ಮೇಲಿನ ಲಿಂಗ ನೋಡಿದರೆ ಘಟ್ಟದ ಕೆಳಗೂ ಊಟ, ಮಲಗುವುದಕ್ಕೆ ಜಗಲಿ ಸಿಗುತ್ತಿತ್ತಂತೆ. ಪೂಜೆ ತಪ್ಪಿಸದವನು ಮಾತೂ ತಪ್ಪುವುದಿಲ್ಲ ಎಂಬ ನಂಬಿಕೆ. ಆಫ್ರಿಕಾದ ಹಳೆಯ ಘಾನಾ ರಾಜ್ಯದ ರಾಜಧಾನಿಯಲ್ಲಿ ಎರಡು ಪಟ್ಟಣಗಳಿದ್ದವು, ಒಂದರಲ್ಲಿ ವ್ಯಾಪಾರಿಗಳೂ ಅವರ ಮಸೀದಿಗಳೂ, ಇನ್ನೊಂದರಲ್ಲಿ ರಾಜನೂ ಅವನ ದೇವರ ಬನಗಳೂ ಎಂದು ಹೇಳಿದ್ದಕ್ಕೆ, "ಜಗಳ ಇಲ್ದಂಗೆ ಬಾಳ್ವೆ ಮಾಡ್ಯಾರೆ ಬಿಡು" ಎಂದರು.

ಕೊನೆಗೆ ಬರಗಾಲದ ಕಥೆ. ಆ ಸೀಮೆಯ ಒಬ್ಬ ರಾಜ ತನ್ನ ದೇವರಿಗೆ ದನಗಳನ್ನು ಬಲಿ ಕೊಟ್ಟು ಕೊಟ್ಟು ಸೋತಿದ್ದ. ಅವನ ಮನೆಯಲ್ಲೊಬ್ಬ ಮುಸಲ್ಮಾನ ಅತಿಥಿಯಿದ್ದ. ನನ್ನ ದೇವರನ್ನು ನಂಬಿದರೆ ನಿನಗಾಗಿ ಬೇಡಿಕೊಳ್ಳುತ್ತೇನೆ ಎಂದ. ಇಬ್ಬರೂ ಗುಡ್ಡದ ಮೇಲೆ ನಿಂತು ಬೆಳಗಿನವರೆಗೆ ಪ್ರಾರ್ಥಿಸಿದರು. ಮಳೆ ಹೊಯ್ಯಿತು. ರಾಜ ಧರ್ಮ ಬದಲಿಸಿದ; ಪ್ರಜೆಗಳು ಮಾತ್ರ ತಮ್ಮ ಹಳೆಯ ದೇವರುಗಳನ್ನು ಬಿಡಲಿಲ್ಲ.

"ಮಳೆ ಬರ್ದೇ ಇದ್ದಿದ್ರೆ?" ಎಂದರು.

"ಪಾಠನೇ ಇರ್ತಿರ್ಲಿಲ್ಲ."

"ಹಂಗಾದ್ರೆ ಮಳೆ ಬರ್ದಿರೋ ಊರಿನ ಪಾಠ ಯಾರು ಬರೀತಾರೆ?"

"ಅದೆಲ್ಲ ಪರೀಕ್ಷೆಗೆ ಬರಲ್ಲ, ಬಿಡ್ರಿ" ಎಂದು ಎದ್ದು ಅಡುಗೆಮನೆಗೆ ಹೋದೆ.

ಅದೇ ವಾರ ಅವರು ಅಂಗಡಿಯಲ್ಲಿ ಕುಸಿದು ಬಿದ್ದರು. ಲಕ್ವ. ಬಲಭಾಗವೂ ಮಾತೂ ಹೋದವು. ಶಿವಮೊಗ್ಗದ ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನಿಗೆ ಮುಂಚೆ ಮೈಮೇಲೆ ಲೋಹವಿರಬಾರದು ಎಂದರು. ಕೊರಳಿನ ದಾರ, ಬೆಳ್ಳಿಯ ಕರಡಿಗೆ, ಒಳಗಿನ ಇಷ್ಟಲಿಂಗ, ಎಲ್ಲವನ್ನೂ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡೆ. ನಮ್ಮವರಲ್ಲಿ ಜೀವವಿರುವವರೆಗೆ ಲಿಂಗ ಮೈ ಬಿಡಬಾರದು.

ಎಚ್ಚರವಾದ ಮೇಲೆ ಸಿಸ್ಟರ್ ಒಂದು ಚಮಚ ನೀರು ಕುಡಿಸಲು ನೋಡಿದರಂತೆ. ಇವರು ತುಟಿ ಬಿಗಿದುಕೊಂಡರು, ನೀರು ಕಟವಾಯಿಂದ ಇಳಿಯಿತು. ನುಂಗಲು ಆಗುತ್ತಿಲ್ಲ, ಮೂಗಿನಿಂದ ನಳಿಗೆ ಹಾಕಬೇಕು ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ನನಗೆ ನಗು ಬಂತು. ನಿಜವಾಗಿ ಖುಷಿಯಾಯಿತು. ಪೂಜೆಯಾಗದೆ ಈ ಮನುಷ್ಯ ಒಂದು ತೊಟ್ಟು ನೀರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಶಾಲೆಯ ಮಕ್ಕಳನ್ನು ತಾಳಗುಂದದ ಶಾಸನ ತೋರಿಸಲು ಕರೆದೊಯ್ದ ದಿನ, ಇವರೂ ಜೊತೆಗೆ ಬಂದು, ಕೆರೆಯ ಬದಿಯಲ್ಲಿ ಪೂಜೆಗೆ ಕೂತರು; ಇವರಿಗಾಗಿ ಕಾದು ಎಲ್ಲರ ಉಪ್ಪಿಟ್ಟೂ ಆರಿಹೋಗಿತ್ತು. ಈಗಲೂ ಅದೇ ಹಟ!

"ಇದು ಕಾಯಿಲೆ ಅಲ್ಲ ಡಾಕ್ಟ್ರೇ. ಎದೆ ಮೇಲೆ ಲಿಂಗ ಇಲ್ಲ, ಪೂಜೆ ಆಗಿಲ್ಲ. ಅದಕ್ಕೇ ಬಾಯಿ ಬಿಡ್ತಿಲ್ಲ" ಎಂದೆ.

ಚಿಕ್ಕ ವಯಸ್ಸಿನ ಡಾಕ್ಟರು, "ಮಾಡಿ ಅಮ್ಮ. ಆಮೇಲೆ ಇನ್ನೊಂದ್ಸಲ ನೋಡೋಣ" ಎಂದರು.

ಉಡುತಡಿಯಿಂದ ಬಂದಿದ್ದ ನನ್ನ ಗಂಡನ ಅಕ್ಕ ಬಿಲ್ವಪತ್ರೆ ತಂದಿದ್ದರು. ಲಿಂಗವನ್ನು ಇವರ ಎಡಗೈಯಲ್ಲಿಟ್ಟೆ. ಬೆರಳುಗಳು ತಾವಾಗಿಯೇ ಬಟ್ಟಲಾದವು. ಆದರೆ ಪತ್ರೆ ಏರಿಸಬೇಕಾದ ಬಲಗೈ ಮಂಚದ ಮೇಲೆ ಬಿದ್ದೇ ಇತ್ತು. ಅದರ ಜಾಗಕ್ಕೆ ನನ್ನ ಬಲಗೈ ಹೋಯಿತು. ವಿಭೂತಿ ಹಚ್ಚಿದೆ, ಪತ್ರೆ ಇಟ್ಟೆ, ಅವರು ಪ್ರತಿದಿನ ಅನ್ನುತ್ತಿದ್ದುದನ್ನು ನಾನು ಅಂದೆ. ಅವರ ಕಣ್ಣುಗಳು ಲಿಂಗದ ಮೇಲೆ ನಿಂತವು. ನೋಡಿ, ಎಲ್ಲ ಸರಿಯಾಯಿತು ಎಂದುಕೊಂಡೆ. ಕೊರಳಿಗೆ ಕಟ್ಟಿ ಸಿಸ್ಟರನ್ನು ಕರೆದೆ.

ಚಮಚ ಹತ್ತಿರ ಬಂದಾಗ ಅವರೇ ಬಾಯಿ ತೆರೆದರು. ಆಸೆಯಿಂದ ತೆರೆದರು. ನೀರು ಒಳಗೆ ಹೋಯಿತು, ಹಾಗೇ ಕಟವಾಯಿಂದ ಹೊರಗೆ ಹರಿಯಿತು. ಮತ್ತೊಮ್ಮೆ ಬಾಯಿ ತೆರೆದರು. ಈ ಸಲ ಕೆಮ್ಮು, ಉಸಿರು ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತು. "ಸಾಕಮ್ಮ, ಶ್ವಾಸಕೋಶಕ್ಕೆ ಹೋಗುತ್ತೆ" ಎಂದು ಸಿಸ್ಟರ್ ಚಮಚ ತೆಗೆದರು.

ಹಟವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಹಟ ಇಳಿಸುವುದು ನನಗೆ ಗೊತ್ತಿತ್ತು. ಅವರ ಅಕ್ಕ ಗೋಡೆಗೊರಗಿ, "ಶಿವನೇ, ಪೂಜೆ ಮಾಡಿದ್ವಲ್ಲೋ" ಎಂದು ಅತ್ತರು. ನಾನು ಅಳಲಿಲ್ಲ. ಅಂಗಡಿಯಲ್ಲಿ ಅವರು ಕೇಳಿದ ಪ್ರಶ್ನೆಗೆ ನಾನು ಹಾರಿಕೆಯ ಉತ್ತರ ಕೊಟ್ಟು ಎದ್ದುಹೋಗಿದ್ದೆನಲ್ಲ, ಅದೇ ತಲೆಯಲ್ಲಿ ತಿರುಗುತ್ತಿತ್ತು. ಮಳೆ ಬರದ ಊರಿನಲ್ಲಿ ಆ ಅತಿಥಿ ಬೆಳಗ್ಗೆ ಎದ್ದು ಏನು ಮಾಡಿದ? ರಾಜನ ಮುಖವನ್ನು ಹೇಗೆ ನೋಡಿದ?

ನಳಿಗೆಯೊಂದಿಗೇ ಮನೆಗೆ ಬಂದೆವು. ಅಂಗಡಿ ಮುಚ್ಚಿತು. ಹಗಲು ಅವರ ಅಕ್ಕ ನೋಡಿಕೊಳ್ಳುತ್ತಿದ್ದರು, ನಾನು ಶಾಲೆಗೆ ಹೋಗುತ್ತಿದ್ದೆ. ಆಫ್ರಿಕಾದ ಪಾಠ ಮಾಡಲೇಬೇಕಿತ್ತು. ಒಂಟೆ, ಉಪ್ಪು, ಚಿನ್ನ, ಎರಡು ಪಟ್ಟಣ, ಎಲ್ಲವನ್ನೂ ಹೇಳಿದೆ. ಬರಗಾಲದ ಕಥೆಗೆ ಬಂದಾಗ ಪುಸ್ತಕ ಮುಚ್ಚಿದೆ. ನೀವೇ ಓದಿಕೊಳ್ಳಿ ಎಂದು ಕುರ್ಚಿಯಲ್ಲಿ ಕೂತೆ. ಸಂಜೆ ಗಂಡನ ಮಂಚದ ಪಕ್ಕ ಕೂತು ಅವರಿಗೆ ವರದಿ ಒಪ್ಪಿಸಿದೆ. ಕೇಳುತ್ತಿದ್ದರು. ಎಡಗೈ ಹೊದಿಕೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಇನ್ನೊಂದು ಪ್ರಶ್ನೆಯಿತ್ತೋ ಏನೋ, ನನಗೆ ತಿಳಿಯಲಿಲ್ಲ.

ಪ್ರತಿ ಬೆಳಗ್ಗೆ ಅವರ ಎಡಗೈ, ನನ್ನ ಬಲಗೈ ಸೇರಿ ಪೂಜೆಯಾಗುತ್ತಿತ್ತು. ಆಮೇಲೆ ನಳಿಗೆಗೆ ಹಾಲು. ಒಂದು ಗುಟುಕು, ಒಂದೇ ಗುಟುಕು ಬಾಯಿಂದ ಇಳಿದರೆ ಸಾಕೆಂದು ನಾನು ದಿನವೂ ಅವರ ಗಂಟಲನ್ನೇ ನೋಡುತ್ತಿದ್ದೆ. ಅವರು ಬರಬರುತ್ತಾ ತೆಳ್ಳಗಾದರು. ಜ್ವರ ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮಾಡುವುದೆಲ್ಲ ಮಾಡಿದ್ದೇವೆ ಎಂದು ಡಾಕ್ಟರು ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಒಂದು ಬೆಳಗ್ಗೆ ಪೂಜೆ ಮುಗಿದ ಮೇಲೆ ಅವರು ಲಿಂಗವನ್ನು ನನ್ನ ಅಂಗೈಯಲ್ಲಿ ಇಟ್ಟರು. ಜಾರಿತೆಂದು ತಿಳಿದು ಹಿಂದಕ್ಕಿಟ್ಟೆ. ಮತ್ತೆ ಇಟ್ಟರು. ನಮ್ಮಲ್ಲಿ ತನ್ನ ಲಿಂಗವನ್ನು ಯಾರೂ ಇನ್ನೊಬ್ಬರ ಕೈಗೆ ಕೊಡುವುದಿಲ್ಲ; ಅದು ಅವರೊಂದಿಗೇ ಮಣ್ಣಿಗೆ ಹೋಗುತ್ತದೆ.

"ಇದು ನಿಮ್ದು ರೀ. ನನಗ್ಯಾಕೆ ಕೊಡ್ತೀರಿ?" ಎಂದೆ.

ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಲಿಂಗದ ಮೇಲೆ ಮುಚ್ಚಿದರು. ಹಾಲಿನ ಲೋಟದ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇಷ್ಟು ವರ್ಷ ಆ ಕಣ್ಣುಗಳ ತಂಟೆ, ಕೋಪ, ಪ್ರೀತಿ ಎಲ್ಲ ನೋಡಿದ್ದೇನೆ. ಬೇಡುವುದನ್ನು ನೋಡಿರಲಿಲ್ಲ.

ಎದೆ ಒಡೆದುಹೋಯಿತು. ಹಾಲನ್ನು ನಳಿಗೆಗೆ ಹಾಕದೆ ಲೋಟವನ್ನು ದೂರ ಸರಿಸಿದೆ. ಆಮೇಲೆ, "ಆಯ್ತು ರೀ" ಎಂದೆ.

ಅವರ ಕೈ ಸಡಿಲಾಯಿತು. ಲಿಂಗವನ್ನು ಅವರ ಕೊರಳಿಗೇ ಕಟ್ಟಿದೆ. ಈ ಸಲ ತಡೆಯಲಿಲ್ಲ. ಎರಡು ದಿನಕ್ಕೆಂದು ಉಡುತಡಿಗೆ ಹೋಗಿದ್ದ ಅಕ್ಕನಿಗೆ ಹೊರಗೆ ಬಂದು ಫೋನು ಮಾಡಿದೆ.

"ಹೆಂಗದಾನವ್ವ ತಮ್ಮ?" ಎಂದರು.

"ಹೊರಟಿದ್ದಾರೆ ಅಕ್ಕ," ಎಂದೆ, "ಬರ್ರಿ."