ಕ್ಯಾಮೆರಾದ ಹಿಂದೆ ನಿಂತವರು

ಮೊನ್ನೆ ಬಹಳ ದಿನಗಳ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಬಿಸಿಗಿಟ್ಟೆ. ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಸೀರೆ ಅಲ್ಲೇ ಉಳಿಯಿತು, ನಾನು ಕಾಲೇಜಿನ ಕತ್ತಲೆ ಕೋಣೆಯಲ್ಲಿದ್ದೆ. ಹಳೆಯ ಸ್ಲೈಡ್ ಪ್ರೊಜೆಕ್ಟರಿನ ಬಲ್ಬು ಕಾದಾಗಲೂ ಹೀಗೇ ವಾಸನೆ ಬರುತ್ತಿತ್ತು.

ಗಡಿಯಾಚೆ, ಮಲಯಾಳದ ಸೀಮೆಯ ಪುಲ್ಪಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ವರ್ಷ ‘ಅಮೆರಿಕನ್ ಸಂಸ್ಕೃತಿ ಪರಿಚಯ’ ಎಂಬ ಹೊಸ ಪತ್ರಿಕೆ ನನ್ನ ತಲೆಗೆ ಬಿತ್ತು. ಅಮೆರಿಕ ಹಾಗಿರಲಿ, ನಾನು ಮೈಸೂರು ದಾಟಿ ಹೋದದ್ದೇ ಎರಡೋ ಮೂರೋ ಸಲ. ಆದರೂ ಕಣ್ಣಾರೆ ಕಂಡು ಬಂದವಳ ಗತ್ತಿನಲ್ಲಿ ಪಾಠ ಶುರುಮಾಡಿದೆ. ಪಾಠ ಮಾಡುವವರಿಗೆ ಅಷ್ಟೂ ಧೈರ್ಯವಿಲ್ಲದಿದ್ದರೆ ಹೇಗೆ ಹೇಳಿ!

ಆದರೆ ಆ ವರ್ಷ ನನ್ನ ಮನಸ್ಸು ನೆಟ್ಟಗಿರಲಿಲ್ಲ. ನಮ್ಮವರು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು, ಅವರ ಮುಖ ನನಗೆ ಮರೆತುಹೋಗತೊಡಗಿತ್ತು. ಫೋಟೋ ಇಲ್ಲವೇ ಎಂದು ನೀವು ಕೇಳುತ್ತೀರಿ. ಅದೇ ಕಷ್ಟ. ಮನೆಯಲ್ಲಿ ಕ್ಯಾಮೆರಾ ಹುಚ್ಚು ಇದ್ದದ್ದು ಅವರಿಗೆ. ಮೆಣಸಿನ ಬಳ್ಳಿ, ಆಗತಾನೆ ಹುಟ್ಟಿದ ಕರು, ಪೆರಿಕಲ್ಲೂರಿನ ಹೊಳೆಯಲ್ಲಿ ದೋಣಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ನಾನು, ಎಲ್ಲ ಇವೆ. ಅವರೊಬ್ಬರಿಲ್ಲ. ಮದುವೆಯ ಫೋಟೋದಲ್ಲಿ ಪೇಟದ ಕೆಳಗೆ ಯಾರೋ ಹೆದರಿದ ಹುಡುಗ. ಗುರುತಿನ ಚೀಟಿಯಲ್ಲಿ ಪೊಲೀಸರು ಹಿಡಿದು ತಂದ ಕಳ್ಳ. ನಾವು ಜೈನರು, ನಮ್ಮಲ್ಲಿ ಸತ್ತವರಿಗೆ ಎಡೆ ಇಡುವುದಿಲ್ಲ. ಜೀವ ಆಗಲೇ ಇನ್ನೊಂದು ಹುಟ್ಟಿಗೆ ಹೋಯಿತು, ಇನ್ನು ಹುಡುಕಬಾರದು ಎಂದು ಅತ್ತೆ ಸಮಾಧಾನ ಹೇಳುತ್ತಿದ್ದರು. ಹೋದರೆ ಹೋಗಲಿ, ಮುಖವನ್ನಾದರೂ ಬಿಟ್ಟು ಹೋಗಬಾರದಿತ್ತೇ ಎಂದು ನನಗೆ ಸಿಟ್ಟು.

ಅಮೆರಿಕಕ್ಕೆ ಹೋಗಿಬಂದ ಸಹೋದ್ಯೋಗಿಯೊಬ್ಬರು ಒಂದು ಡಬ್ಬಿ ಸ್ಲೈಡು ಕೊಟ್ಟರು. ಅಲ್ಲಿ ಮನೆ ಖಾಲಿ ಮಾಡುವವರು ಹಳೇ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಮಾರುತ್ತಾರಂತೆ. ಯಾರದೋ ಸಂಸಾರದ ಚಿತ್ರಗಳು ಹಾಗೆ ಸಿಕ್ಕಿದ್ದವು. ಇದಕ್ಕಿಂತ ಒಳ್ಳೆಯ ಪಾಠ ಬೇಕೇ ಎಂದು ಕಿಟಕಿಗಳಿಗೆ ಕಂಬಳಿ ಕಟ್ಟಿಸಿದೆ.

“ಮನೆಯವ್ರ ಪಟಾನೇ ಮಾರ್ಬುಟ್ರಾ ಟೀಚರೇ?” ಎಂದಳು ಕಾಳಿ. ತೋಲ್ಪೆಟ್ಟಿಯ ಕಾಡಂಚಿನ ಹಾಡಿಯಿಂದ ಬರುತ್ತಿದ್ದ ಹುಡುಗಿ. ಉಳಿದವರೆಲ್ಲ ಮಲಯಾಳದವರು, ಕನ್ನಡ ನಮ್ಮಿಬ್ಬರ ನಡುವೆ ಮಾತ್ರ.

ಗೋಡೆಯ ಮೇಲೆ ಹುಲ್ಲಿನಂಗಳ ಮೂಡಿತು. ಉದ್ದನೆಯ ಕಾರು, ತಾಯಿ, ಮೂವರು ಮಕ್ಕಳು. ಊಟದ ಮೇಜಿನ ಚಿತ್ರ ಬಂದಾಗ ನಾನು ಹಬ್ಬದ ಅಡುಗೆಯ ವಿಚಾರ ಹೇಳುತ್ತಿದ್ದೆ, ಕಾಳಿ ಮೇಜಿನ ಈಚೆ ತುದಿಯನ್ನು ತೋರಿಸಿದಳು. ಅಲ್ಲಿ ಬಡಿಸಿದ ತಟ್ಟೆ, ಹಿಂದಕ್ಕೆ ಸರಿಸಿದ ಕುರ್ಚಿ. ಯಾರೂ ಇಲ್ಲ.

“ಅದು ಅಪ್ಪನ ಜಾಗ. ಫೋಟೋ ತೆಗೆಯಲು ಎದ್ದಿದ್ದಾನೆ,” ಎಂದೆ.

ಚಿತ್ರಗಳು ಸರಿದವು. ಮಕ್ಕಳು ಬೆಳೆದರು. ಅಪ್ಪ ಒಂದರಲ್ಲೂ ಕಾಣಲಿಲ್ಲ. ಕೊನೆಯದರಲ್ಲಿ ಮತ್ತೆ ಅದೇ ಮೇಜು. ಈ ಸಲ ಈಚೆ ತುದಿಯಲ್ಲಿ ತಟ್ಟೆಯಿಲ್ಲ, ಕುರ್ಚಿಯೂ ಇಲ್ಲ. ತಾಯಿಯ ಕೂದಲು ಬೆಳ್ಳಗಾಗಿತ್ತು. ಆದರೆ ನಾಲ್ವರೂ ತಲೆಯೆತ್ತಿ ನಮ್ಮ ಕಡೆ ನೋಡಿ, ಮೊದಲಿನ ಹಾಗೇ ನಗುತ್ತಿದ್ದರು.

“ಇದ್ನ ಯಾರು ತೆಗ್ದಿದ್ದು?”

“ಟೈಮರ್ ಇಟ್ಟಿರುತ್ತಾರೆ, ಕಾಳಿ. ಕ್ಯಾಮೆರಾ ತಾನೇ ತೆಗೆಯುತ್ತದೆ.”

“ಮಿಷನ್ ನೋಡ್ಕಂಡು ಹಂಗೆ ನಗಾಕಾಯ್ತದಾ ಟೀಚರೇ?”

ನಾನು ಪ್ರೊಜೆಕ್ಟರ್ ಆರಿಸಿದೆ. ಯಾರೋ ಎದ್ದು ಕಂಬಳಿ ಸರಿಸಿದರು. ಹೊರಗೆ ಮಧ್ಯಾಹ್ನವೇ ಮಂಜು ಇಳಿದಿತ್ತು.

ವರ್ಷದ ಕೊನೆಯ ತರಗತಿ ಮುಗಿದ ದಿನ ಮಕ್ಕಳು ಫೋಟೋ ಬೇಕೆಂದರು. ಅಂಗಳದ ಕಟ್ಟೆಯ ಮೇಲೆ ಒಂದು ಫೋನನ್ನು ಒರಗಿಸಿ, ಟೈಮರ್ ಇಟ್ಟು, ಓಡಿ ಬಂದು ನಿಂತರು. ಫೋಟೋ ತೋರಿಸಿದಾಗ ಎಲ್ಲರೂ ನಕ್ಕರು. ಹುಡುಗರೆಲ್ಲ ಕೆಳಗೆ, ಫೋನಿನ ಕಡೆ ನೋಡುತ್ತಿದ್ದರೆ ನಾನೂ ಕಾಳಿಯೂ ಮಾತ್ರ ಅದರ ಮೇಲೆ, ಬಹಳ ಮೇಲೆ, ಒಂದೇ ಕಡೆ ನೋಡುತ್ತಿದ್ದೆವು. ನಾನು ಬಾಯ್ತುಂಬ ನಗುತ್ತಿದ್ದೆ. ಹಾಗೆ ನಕ್ಕದ್ದು ನನಗೆ ಗೊತ್ತೇ ಇರಲಿಲ್ಲ.

ಕಾಳಿಯನ್ನು ಪಕ್ಕಕ್ಕೆ ಕರೆದು, “ಏನು ನೋಡುತ್ತಿದ್ದೆ?” ಎಂದು ಕೇಳಿದೆ.

“ನೀವು ನೋಡ್ತಿದ್ರಲ್ಲ, ಅದ್ಕೇ ನಾನೂ ನೋಡ್ದೆ. ಅವ್ರು ಒಸಿ ಉದ್ದ, ಅಲ್ವಾ?”

“ಯಾರು?”

ಇದೇನು ಹೀಗೆ ಕೇಳುತ್ತಾರೆ ಎಂಬಂತೆ ನನ್ನ ಮುಖ ನೋಡಿದಳು. “ಪಟ ತೆಗ್ದವ್ರು.”

ನಮ್ಮವರು ಆರಡಿ ದಾಟಿದ್ದರು, ನಮ್ಮ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುತ್ತಿದ್ದವರು. ಕಾಳಿ ಅವರನ್ನು ಕಂಡವಳಲ್ಲ. ಕಾಲೇಜಿನಲ್ಲಿ ಅವರ ವಿಷಯ ನಾನು ಯಾರೊಂದಿಗೂ ಆಡಿದವಳಲ್ಲ. ನನಗೆ ಭಯವಾಯಿತು ಕಣ್ರೀ, ಸುಳ್ಳೇಕೆ ಹೇಳಲಿ. ಬಸ್ಸಿಗೆ ಹೊತ್ತಾಯಿತು ಹೋಗು ಎಂದು ಅವಳನ್ನು ಕಳಿಸಿದೆ. ಮಕ್ಕಳು ನನ್ನ ಫೋನಿಗೆ ಕಳಿಸಿದ ಆ ಫೋಟೋವನ್ನು ಮತ್ತೆ ತೆರೆಯಲಿಲ್ಲ, ಮನೆಯ ಆಲ್ಬಮ್ಮುಗಳನ್ನೂ ಮುಟ್ಟಲಿಲ್ಲ. ಹಾಗೇ ವರ್ಷಗಳು ಕಳೆದವು.

ಮೊನ್ನೆ ಇಸ್ತ್ರಿ ಆರಿಸಿ ಆಲ್ಬಮ್ಮು ಇಳಿಸಿಕೊಂಡೆ. ಅವರಿಲ್ಲವೆಂದು ಇಷ್ಟು ದಿನ ಬೈದುಕೊಂಡಿದ್ದ ಚಿತ್ರಗಳು. ಹೊಳೆಯ ದಂಡೆಯಲ್ಲಿ, ಕರುವಿನ ಪಕ್ಕ, ಕಾಫಿ ಕಣದಲ್ಲಿ, ಎಲ್ಲದರಲ್ಲೂ ನಾನು ತಲೆಯೆತ್ತಿ ಒಬ್ಬರನ್ನೇ ನೋಡುತ್ತಿದ್ದೇನೆ. ಒಂದರಲ್ಲಿ ಸಿಟ್ಟು, ಇನ್ನೊಂದರಲ್ಲಿ ನಾಚಿಕೆ, ಮತ್ತೊಂದರಲ್ಲಿ ತಡೆಯಲಾಗದ ನಗು. ಇಷ್ಟೊಂದು ನೋಡಿದ್ದೇನಲ್ಲ ಅವರನ್ನು!

ಮುಖ ಈಗಲೂ ನೆನಪಿಗೆ ಬರಲಿಲ್ಲ. ಆದರೆ ಎಲ್ಲಿ ನಿಂತಿದ್ದಾರೆಂದು ತಿಳಿಯಿತು. ಆಲ್ಬಮ್ಮಿನಿಂದ ತಲೆಯೆತ್ತಿ, ಆ ಎತ್ತರಕ್ಕೆ ನೋಡಿ, “ಸಾಕು, ಬೇಗ ತೆಗೀರಿ,” ಎಂದೆ.