ಹಾಲುಕ್ಕುವಾಗ ನಾನು ಕೈ ಮುಗಿಯುವುದಿಲ್ಲ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಗಳಿಂದ ಬೈಸಿಕೊಂಡೆ. ಅವಳ ಹೊಸ ಮನೆಯಲ್ಲಿ ಹಾಲುಕ್ಕಿಸುವಾಗ ಎಲ್ಲರೂ ಕೈ ಮುಗಿದಿದ್ದರು, ನಾನೊಬ್ಬಳೇ ಗ್ಯಾಸ್ ಒಲೆಯ ನಾಬ್ ಹಿಡಿದು ನಿಂತಿದ್ದೆ.

"ಕೈ ಮುಗಿಯಮ್ಮ, ವಿಡಿಯೋ ತೆಗೀತಿದಾರೆ!"

ಅವಳಿಗೇನು ಗೊತ್ತು? ಎಂಬತ್ತರ ದಶಕದ ಮೊದಲಲ್ಲಿ ನಾವು ಸಿ.ಎಸ್. ಪುರ ಬಿಟ್ಟು ತುಮಕೂರಿನ ಬಟವಾಡಿಯ ಬಾಡಿಗೆ ಮನೆಗೆ ಬಂದೆವು. ನಾನು ಸೊಸೆಯಾಗಿ ಎರಡೇ ತಿಂಗಳಾಗಿತ್ತು. ಸೌದೆ ಒಲೆ ಬಿಟ್ಟರೆ ಯಾರಿಗೂ ಬೇರೆ ಗೊತ್ತಿಲ್ಲ. ಅತ್ತೆ ಹೊಸ ಗ್ಯಾಸ್ ಒಲೆಗೆ ಕುಂಕುಮವಿಟ್ಟು, ಪಕ್ಕದಲ್ಲೇ ದೀಪ ಹಚ್ಚಿ, ಪಾತ್ರೆಯ ಕಂಠದವರೆಗೆ ಹಾಲು ತುಂಬಿ ಇಟ್ಟರು. ಹಾಲು ಧಾರಾಳವಾಗಿ ಉಕ್ಕಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದೆವು.

ಕಣ್ಣು ಬಿಟ್ಟರೆ ಉರಿಯೇ ಇಲ್ಲ. ಹಾಲು ಸುರಿದು ಒಲೆ ಆರಿಹೋಗಿತ್ತು. ಆದರೆ ಬುಸ್ ಎನ್ನುವ ಸದ್ದು ನಿಂತಿರಲಿಲ್ಲ, ಗ್ಯಾಸಿನ ವಾಸನೆ ಮೂಗಿಗೆ ಅಡರುತ್ತಿತ್ತು.

"ಅಯ್ಯೋ, ಇವತ್ತು ಒಲೆ ಆರ್ಬಾರ್ದು ಕಣೇ" ಎನ್ನುತ್ತ ಅತ್ತೆ ಕಡ್ಡಿಪೆಟ್ಟಿಗೆಗೆ ಕೈ ಹಾಕಿದರು.

"ಗೀರ್ಬೇಡಿ ಅತ್ತೆ!" ಎಂದು ಕಿರುಚಿ ಕಿತ್ತುಕೊಂಡೆ. ವಾಸನೆ ಬಂದರೆ ಕಡ್ಡಿ ಗೀರಬಾರದೆಂದು ಗ್ಯಾಸ್ ಜೋಡಿಸಿದವನು ಹೇಳಿ ಹೋಗಿದ್ದ. "ರೀ, ಮೊದ್ಲು ಆ ದೀಪ ಆರ್ಸಿ!"

"ಶುಭದಿನ ದೀಪ ಆರಿಸ್ತಾರೇನೇ?" ಎಂದ ನಮ್ಮ ಯಜಮಾನರು ಉರಿಯುವ ದೀಪವನ್ನೇ ಎತ್ತಿಕೊಂಡು ಹಿತ್ತಲಿಗೆ ಓಡಿದರು. ನಾಬ್ ಯಾವ ಕಡೆ ತಿರುಗಿಸಬೇಕೆಂಬುದೇ ನನಗೆ ಮರೆತುಹೋಗಿತ್ತು. ಎರಡೂ ಕಡೆ ತಿರುಗಿಸಿದೆ. ಅಂತೂ ಸದ್ದು ನಿಂತಿತು.

ಈಗ ತಾನೇ ಮಗಳು ವಿಡಿಯೋ ಕಳಿಸಿದ್ದಾಳೆ. ಎಲ್ಲರೂ ಭಕ್ತಿಯಿಂದ ಹಾಲನ್ನು ನೋಡುತ್ತಿದ್ದಾರೆ. ನಾನು ಮಾತ್ರ ಒಲೆಯ ಪಕ್ಕದಲ್ಲಿ ಹಚ್ಚಿಟ್ಟ ದೀಪವನ್ನು ದುರುಗುಟ್ಟಿಕೊಂಡು ನೋಡುತ್ತಿದ್ದೇನೆ.